ಜಾಮೀನು ಸಿಕ್ಕಿದೆ, ಜಾಮೀನುದಾರರಿಲ್ಲ: ಸಹಾಯ ಬೇಕು

ನಮಸ್ಕಾರ. ಅಂಕೋಲಾದಲ್ಲಿ ಮೀನುಗಾರಿಕೆ ದೋಣಿಯಲ್ಲಿ ದುಡಿಯುತ್ತಿದ್ದ ನನ್ನ ತಮ್ಮ ಈಗ ವಿಚಾರಣಾಧೀನ ಕೈದಿ. ಜಾಮೀನು ಮಂಜೂರಾಗಿ ಆರು ವಾರ ಕಳೆದರೂ ಒಳಗೇ ಇದ್ದಾನೆ. ಪಹಣಿ ಇರುವ ಇಬ್ಬರು ಜಾಮೀನುದಾರರು ಬೇಕಂತೆ. ನಮ್ಮ ಮನೆ, ತೋಟ ಎರಡೂ ಅರಣ್ಯ ಅತಿಕ್ರಮಣದ ಜಾಗ. ಪಹಣಿ ಎಲ್ಲಿಂದ ತರಲಿ? ಶಿರಸಿಯ ಸೋದರಮಾವನ ಕಾಲು ಹಿಡಿದೆ, ಕೋರ್ಟಿನ ವಿಷಯವೆಂದು ಹಿಂಜರಿದರು. ನಮ್ಮ ವಕೀಲರು ಕರೆ ಸ್ವೀಕರಿಸುತ್ತಿಲ್ಲ. ಅಮ್ಮ ಸರಿಯಾಗಿ ಊಟ ಮಾಡಿ ಎಷ್ಟು ದಿನವಾಯಿತೋ.

ಬಂಧನದಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ಜಾಮೀನು ಮಂಜೂರಾದ ತಿಂಗಳೊಳಗೆ ಜಾಮೀನು ಬಾಂಡ್ ಒದಗಿಸಲಾಗದಿದ್ದರೆ ಷರತ್ತು ಸಡಿಲಿಸಲು ನ್ಯಾಯಾಲಯ ಪರಿಗಣಿಸಬಹುದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಇಷ್ಟು ಓದಿಕೊಂಡಿದ್ದೇನೆ. ಗೊಂದಲ ಇಲ್ಲಿದೆ: ಉಚಿತ ವಕೀಲರಿಗಾಗಿ ತಮ್ಮನೇ ಜೈಲಿನಿಂದ ಅರ್ಜಿ ಬರೆಯಬೇಕೇ, ಅಥವಾ ನಾನೇ ಕಾರವಾರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕೊಡಬಹುದೇ? ಹಳೆಯ ವಕಾಲತ್ತು (ಈಗಿನ ವಕೀಲರಿಗೆ ಕೊಟ್ಟ ಅಧಿಕಾರಪತ್ರ) ಇರುವಾಗಲೇ ಹೊಸ ವಕೀಲರನ್ನು ನೇಮಿಸುತ್ತಾರೆಯೇ?