ಬೆಕ್ಕಿಗೆ ಕಿಂಡಿ ಹಾಕಿಸಬೇಕೇ? ಹಾಕಿಸುವುದಾದರೆ ಎಲ್ಲಿ?

ಮೈಸೂರಿನಿಂದ ಒಬ್ಬರು ಕೇಳಿದ್ದು:

ನಮ್ಮದು ನೆಲಮಹಡಿಯ ಸ್ವಂತ ಮನೆ. ಮೂರು ವರ್ಷದ ಹೆಣ್ಣು ಬೆಕ್ಕಿದೆ, ಆಪರೇಷನ್ ಆಗಿದೆ. ದಿನಾ ಬೆಳಗಿನ ಜಾವ ಬಾಗಿಲ ಹತ್ತಿರ ಕೂತು ಕೂಗುತ್ತದೆ. ಎದ್ದು ತೆಗೆದರೆ ಹೊರಗೆ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಕಿಟಕಿ ಕೆರೆಯುತ್ತದೆ. ಬಾಗಿಲಿಗೆ ಒಂದು ಬೆಕ್ಕಿನ ಕಿಂಡಿ, ಅಂದರೆ ಅದೇ ತಳ್ಳಿಕೊಂಡು ಓಡಾಡುವ ಮುಚ್ಚಳದ ತೂತು, ಹಾಕಿಸಿಬಿಡೋಣ ಅಂತ ನಮ್ಮ ಯಜಮಾನರು ಹೇಳುತ್ತಿದ್ದಾರೆ. ತಲೆಬಾಗಿಲು ತೇಗದ್ದು, ಅದಕ್ಕೆ ಗರಗಸ ಮುಟ್ಟಿಸಬೇಡಿ ಅಂತ ಅತ್ತೆ. ಹಿತ್ತಲ ಕಡೆ ಅಡುಗೆಮನೆಗೆ ಒಂದು ಫ್ಲಶ್ ಡೋರ್ (ಪ್ಲೈ ಅಂಟಿಸಿದ ಸಪಾಟು ಬಾಗಿಲು) ಇದೆ. ಅದರಾಚೆ ಪಾತ್ರೆ ತೊಳೆಯುವ ಜಾಗ, ಸುತ್ತ ಕಬ್ಬಿಣದ ಗ್ರಿಲ್. ಮಾವನವರಿಗೆ ಹಾವಿನ ಭಯ. ಪಕ್ಕದ ಬೀದಿಯ ಗಂಡು ಬೆಕ್ಕು ಬೇರೆ ನಮ್ಮ ಹಿತ್ತಲಿಗೆ ಬರುತ್ತದೆ. ಹಾಕಿಸಿದವರು, ಬೇಡ ಅಂತ ಬಿಟ್ಟವರು, ಇಬ್ಬರೂ ಹೇಳಿ.

ಪುತ್ತೂರು ಕಡೆಯಿಂದ:

ಅಕ್ಕ, ನಿಮ್ಮ ಮಾವನವರ ಮಾತನ್ನೇ ಮೊದಲು ತೆಗೆದುಕೊಳ್ಳಿ. ಅವರ ಭಯ ಸುಮ್ನೆ ಅಲ್ಲ.

ನಮ್ಮದು ತೋಟದ ನಡುವಿನ ಮನೆ. ಕಿಂಡಿ ಇದ್ದರೆ ಹಾವು ನುಗ್ಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ತಾನಾಗಿ ನುಗ್ಗುವುದಕ್ಕಿಂತ ಬೆಕ್ಕೇ ಕಚ್ಚಿಕೊಂಡು ತರುವುದು ಜಾಸ್ತಿ. ಓತಿಕ್ಯಾತ, ಹಲ್ಲಿ, ಕಪ್ಪೆ, ಇಲಿಮರಿ, ಒಮ್ಮೊಮ್ಮೆ ಹಾವಿನ ಮರಿ. ಪೂರ್ತಿ ಸತ್ತಿರುವುದಿಲ್ಲ. ಬಾಯಿಂದ ಕೆಳಗೆ ಬಿಟ್ಟು, ಪಂಜದಲ್ಲಿ ಒಂದು ತಟ್ಟಿ, ಅದು ಹರಿದಾಡಿದ ಕೂಡಲೇ ಮತ್ತೆ ಹಿಡಿಯುತ್ತದೆ. ಈ ಆಟ ನಡುಮನೆಯಲ್ಲಿ ನಡೆದು, ಬೇಟೆ ಕಪಾಟಿನಡಿ ಸೇರಿತು ಅಂದರೆ ಆ ರಾತ್ರಿ ಯಾರೂ ಮಲಗುವ ಹಾಗಿಲ್ಲ. ವಿಷದ ಕಟ್ಟುಹಾವು (ಕ್ರೇಟ್) ಓಡಾಡುವುದೇ ರಾತ್ರಿ. ನೆಲದ ಮೇಲೆ ಮಲಗಿದವರಿಗೆ ನಿದ್ದೆಯಲ್ಲೇ ಕಚ್ಚುತ್ತದೆ, ಕಚ್ಚಿದ್ದು ಎಷ್ಟೋ ಸಲ ಗೊತ್ತೂ ಆಗುವುದಿಲ್ಲ. ಹಾಗಾಗಿ ಮಲಗುವ ಕೋಣೆಗೂ ಹೊರಗಿನ ಮಣ್ಣಿಗೂ ನಡುವೆ ಕಿಂಡಿ ಒಂದೇ ಇರಬಾರದು. ಕಿಂಡಿಯ ಹಿಂದೆ ಇನ್ನೊಂದು ಗಟ್ಟಿ ಬಾಗಿಲು ಬೇಕು.

ನಮ್ಮಲ್ಲಿ ಕಿಂಡಿ ಇರುವುದು ಹಿಂದಿನ ಜಗಲಿಗೆ. ಜಗಲಿಯಿಂದ ಅಡುಗೆಮನೆಗೆ ಬೇರೆ ಬಾಗಿಲು, ರಾತ್ರಿ ಅದನ್ನು ಹಾಕಿರುತ್ತೇವೆ. ಬೆಕ್ಕಿನ ಗೋಣಿ, ನೀರಿನ ತಟ್ಟೆ ಎಲ್ಲ ಜಗಲಿಯಲ್ಲೇ. ಅದು ಏನು ತಂದರೂ ಜಗಲಿಯಲ್ಲೇ ಉಳಿಯುತ್ತದೆ. ಆದರೆ ಆ ಜಾಗ ಖಾಲಿ ಇರಬೇಕು. ಸೌದೆ, ತೆಂಗಿನಕಾಯಿ ರಾಶಿ, ಹಳೇ ಪೇಪರ್ ಕಟ್ಟು ಒಂದೂ ನೆಲದ ಮೇಲೆ ಇರಬಾರದು. ಬೆಳಿಗ್ಗೆ ಅಡುಗೆಮನೆ ಬಾಗಿಲು ತೆಗೆಯುವ ಮೊದಲು ಲೈಟ್ ಹಾಕಿ ಒಮ್ಮೆ ನೋಡುತ್ತೇವೆ.

ನೀವು ಬರೆದದ್ದು ನೋಡಿದರೆ ನಿಮಗೆ ಆ ಜಾಗ ಆಗಲೇ ಇದೆ! ಪಾತ್ರೆ ತೊಳೆಯುವ ಜಾಗದ ಗ್ರಿಲ್‌ಗೆ ಒಳಗಿನಿಂದ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಬಿಗಿಸಿ, ಅದರಲ್ಲಿ ಒಂದು ಕಡೆ ಹಲಗೆ ಕೂರಿಸಿ, ಆ ಹಲಗೆಗೆ ಕಿಂಡಿ ಇಡಿ. ತಲೆಬಾಗಿಲೂ ಉಳಿಯಿತು, ಅಡುಗೆಮನೆ ಬಾಗಿಲೂ ಉಳಿಯಿತು. ಬಚ್ಚಲ ನೀರು ಹೋಗುವ ತೂತಿಗೂ ಜಾಲರಿ ಹಾಕುವುದು ಮರೆಯಬೇಡಿ. ಅದನ್ನು ಬಿಟ್ಟು ಕಿಂಡಿಗೆ ಮಾತ್ರ ಹೆದರುವುದರಲ್ಲಿ ಅರ್ಥ ಇಲ್ಲ.

ಇನ್ನೊಂದು ಮಾತು. ಕತ್ತಲಾಗುವ ಮೊದಲು ಊಟ ಕೊಟ್ಟು ಒಳಗೆ ಕರೆದು, ಕಿಂಡಿಗೆ ಲಾಕ್ ಹಾಕಿ. ನಿಮ್ಮ ಮೈಸೂರಿನ ಹೊರಗಿನ ಬಡಾವಣೆಗಳಲ್ಲೂ ಚಿರತೆ ಕಾಣಿಸಿತು ಅಂತ ಆಗಾಗ ಸುದ್ದಿ ಬರುತ್ತದಲ್ವಾ.

ಬೆಂಗಳೂರಿನಿಂದ, ಅಪಾರ್ಟ್‌ಮೆಂಟ್‌ನವರು:

ನಮ್ಮದು ಆರನೇ ಮಹಡಿ. ಹಾಗಿದ್ದೂ ನಮ್ಮಲ್ಲಿ ಕಿಂಡಿ ಇದೆ, ಬಹಳ ಉಪಯೋಗಕ್ಕೆ ಬಂದಿದೆ. ಅದು ಹೊರಗೆ ಹೋಗಲಿಕ್ಕಲ್ಲ, ಅಡುಗೆಮನೆಯಿಂದ ಯುಟಿಲಿಟಿಗೆ, ಅಂದರೆ ಬಟ್ಟೆ, ಪಾತ್ರೆ ತೊಳೆಯುವ ಬಾಲ್ಕನಿಗೆ ಹೋಗಲಿಕ್ಕೆ. ಬೆಕ್ಕು ಮಲಮೂತ್ರ ಮಾಡುವ ಮರಳಿನ ಟ್ರೇ ಯುಟಿಲಿಟಿಯಲ್ಲಿದೆ. ಮೊದಲು ಆ ಬಾಗಿಲು ಯಾವಾಗಲೂ ಅರ್ಧ ತೆಗೆದೇ ಇರಬೇಕಿತ್ತು. ವಾಸನೆ ಒಂದು ಕಡೆ, ಸಂಜೆ ಆರರ ನಂತರ ಸೊಳ್ಳೆ ಇನ್ನೊಂದು ಕಡೆ. ಈಗ ಬಾಗಿಲು ಹಾಕಿಕೊಂಡೇ ಇರುತ್ತದೆ.

ಹೀಗೆ ಮಾಡುವವರು ಯುಟಿಲಿಟಿಯ ತೆರೆದ ಭಾಗವನ್ನು ಮೊದಲು ಭದ್ರ ಮಾಡಿ, ಕಿಂಡಿ ಆಮೇಲೆ. ಪಾರಿವಾಳಕ್ಕೆ ಕಟ್ಟುವ ನೈಲಾನ್ ಬಲೆ ಸಾಲದು, ಬೆಕ್ಕು ಅದನ್ನು ಕಡಿದು ತೂತು ಮಾಡುತ್ತದೆ. ಬಿಸಿಲಿಗೂ ಅದು ಹಳತಾಗಿ ಪುಡಿಯಾಗುತ್ತದೆ. ಸ್ಟೀಲ್ ಜಾಲರಿಯೇ ಬೇಕು. ಬೆಕ್ಕಿಗೆ ಎತ್ತರದ ಭಯ ಇಲ್ಲ, ಹೇಗೆ ಬಿದ್ದರೂ ಕಾಲ ಮೇಲೇ ನಿಲ್ಲುತ್ತದೆ ಅನ್ನುವುದನ್ನು ದಯವಿಟ್ಟು ನಂಬಬೇಡಿ. ಪಾರಿವಾಳದ ಹಿಂದೆ ಹಾರಿ ಕೆಳಗೆ ಬಿದ್ದ ಬೆಕ್ಕಿನ ದವಡೆ ಒಡೆಯುತ್ತದೆ, ಎದೆಗೆ ಪೆಟ್ಟಾಗುತ್ತದೆ, ಎಷ್ಟೋ ಬೆಕ್ಕು ಉಳಿಯುವುದಿಲ್ಲ.

ಹೊಸ ಅಪಾರ್ಟ್‌ಮೆಂಟ್‌ನವರಿಗೆ ಒಂದು ಎಚ್ಚರಿಕೆ. ಮೈವಾನ್ ರೀತಿಯಲ್ಲಿ (ಅಲ್ಯುಮಿನಿಯಂ ಅಚ್ಚಿಗೆ ಕಾಂಕ್ರೀಟ್ ಸುರಿದು) ಕಟ್ಟಿದ ಮನೆಗಳಲ್ಲಿ ಗೋಡೆಯೆಲ್ಲ ಕಾಂಕ್ರೀಟ್, ಕಟ್ಟಡದ ಭಾರ ಹೊರುವುದೂ ಅದೇ. ಅದನ್ನು ಕೊರೆಯುವ ಯೋಚನೆಯೇ ಬೇಡ. ಬಾಗಿಲಲ್ಲೇ ಮಾಡಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ, ಹಳೇ ಬಾಗಿಲನ್ನು ಬಿಚ್ಚಿ ಅಟ್ಟದ ಮೇಲಿಟ್ಟು, ಕಡಿಮೆ ಬೆಲೆಯ ಬೇರೆ ಬಾಗಿಲು ತಂದು ಅದಕ್ಕೆ ಕಿಂಡಿ ಇಡಿಸಿ. ಬಿಡುವಾಗ ಹಳೇದನ್ನು ವಾಪಸ್ ಹಾಕಿಕೊಟ್ಟರೆ ಆಯಿತು, ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಶಿವಮೊಗ್ಗದಿಂದ, ಮರಗೆಲಸ ಮಾಡುವವರು:

ಬೆಕ್ಕಿನ ಕಿಂಡಿ ಕೂರಿಸುವ ಕೆಲಸ ನಮಗೆ ಈಗೀಗ ಬರುತ್ತಿದೆ. ಮೇಡಂ, ಎಲ್ಲಿ ಇಟ್ಟರೂ ಇಷ್ಟು ನೋಡಿಕೊಳ್ಳಿ.

ಎತ್ತರ ಬೆಕ್ಕಿನ ಹೊಟ್ಟೆಯ ಮಟ್ಟಕ್ಕೆ ಬರಬೇಕು. ನಿಂತಿರುವ ಬೆಕ್ಕಿನ ಹೊಟ್ಟೆಗೂ ನೆಲಕ್ಕೂ ಎಷ್ಟಿದೆ ಅಂತ ಟೇಪ್ ಹಿಡಿದು ನೋಡಿ, ಕಿಂಡಿಯ ಕೆಳ ಅಂಚು ಅಲ್ಲಿಗೆ ಬರಲಿ. ಸಾಮಾನ್ಯವಾಗಿ ಐದಾರು ಇಂಚು ಇರುತ್ತದೆ. ಆದರೆ ನಮ್ಮ ಕಡೆ ಹಿತ್ತಲ ನೆಲ ಒಳಗಿನ ನೆಲಕ್ಕಿಂತ ತಗ್ಗು. ಒಳಗೆ ಆರು ಇಂಚು ಇದ್ದದ್ದು ಹೊರಗಿನಿಂದ ಅಳೆದರೆ ಒಂದಡಿ ಮೇಲೆ ಹೋಗಿರುತ್ತದೆ. ಎಳೆ ಬೆಕ್ಕು ಹಾರಿ ಬರುತ್ತದೆ, ವಯಸ್ಸಾದ ಮೇಲೆ ಕಷ್ಟ. ಹೊರಗೆ ಒಂದು ಕಲ್ಲಿನ ಮೆಟ್ಟಿಲು ಇಟ್ಟುಬಿಡಿ.

ಚಿಲಕದಿಂದ ಒಂದು ತೋಳು ದೂರ ಇರಲಿ. ಕಿಂಡಿಯಲ್ಲಿ ಕೈ ತೂರಿಸಿ ಒಳಗಿನ ಚಿಲಕ ತೆಗೆಯಲು ಬರುತ್ತದಾ ಅಂತ ನೀವೇ ಮಲಗಿ ಕೈ ಹಾಕಿ ನೋಡಿ. ಬಾಗಿಲಿನ ಕೆಳಗೂ ಟವರ್ ಬೋಲ್ಟ್ ಇರುತ್ತದೆ, ಅದು ಕಿಂಡಿಯ ಪಕ್ಕದಲ್ಲೇ ಇದ್ದರೆ ಇದ್ದೂ ಇಲ್ಲದ ಹಾಗೆ. ಹಲಗೆ ಕೂರಿಸಿದ ಹಳೇ ನಮೂನೆ ಬಾಗಿಲಾದರೆ ನಡುವಿನ ತೆಳು ಹಲಗೆಯಲ್ಲಿ ಮಾತ್ರ ಕೊರೆಯಬೇಕು. ಸುತ್ತಲಿನ ದಪ್ಪ ಪಟ್ಟಿ ಕಡಿದರೆ ಬಾಗಿಲು ಜೋತು ಬೀಳುತ್ತದೆ.

ಫ್ಲಶ್ ಡೋರ್‌ಗೆ ಶತ್ರು ನೀರು. ಕೊರೆದಾಗ ಒಳಗಿನ ಪದರ ಬಾಯಿ ತೆರೆದು ನಿಲ್ಲುತ್ತದೆ, ಒಂದು ಮಳೆಗಾಲ ನೀರು ಕುಡಿಯಿತು ಅಂದರೆ ಊದಿಕೊಂಡು ಪ್ಲೈ ಬಿಡುತ್ತದೆ. ಕೊರೆದ ಅಂಚಿಗೆ ಪ್ರೈಮರ್ ಹೊಡೆದು, ಒಣಗಿಸಿ, ಎರಡು ಕೋಟ್ ಬಣ್ಣ ಕೊಟ್ಟ ಮೇಲೆಯೇ ಕಿಂಡಿ ಕೂರಿಸಿ. ಹೊರಗಿನ ಚೌಕಟ್ಟಿಗೆ ಸಿಲಿಕೋನ್ ಹಾಕಿ. ಮಳೆ ಎರಚುವ ದಿಕ್ಕಾದರೆ ಮೇಲೊಂದು ಸಣ್ಣ ಸಜ್ಜದ ಹಾಗೆ ತಗಡು ಬಗ್ಗಿಸಿ ಹೊಡೆಯಿರಿ.

ಗಾಜಿನ ಬಾಗಿಲಿನವರು ಗ್ಲಾಸ್ ಕಟರ್ ಹಿಡಿದು ಬರುವವರನ್ನು ನಂಬಬೇಡಿ. ಟಫನ್ ಮಾಡಿದ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜನ್ನು ಆಮೇಲೆ ಕೊರೆಯಲು ಆಗುವುದೇ ಇಲ್ಲ, ಇಡೀ ಗಾಜು ಪುಡಿಯಾಗುತ್ತದೆ. ಅಳತೆ ಕೊಟ್ಟು, ಮೊದಲೇ ತೂತು ಮಾಡಿ ಟಫನ್ ಮಾಡಿದ ಹೊಸ ಗಾಜು ತರಿಸಬೇಕು. ಅಲ್ಯುಮಿನಿಯಂ ಸ್ಲೈಡಿಂಗ್ ಇದ್ದರೆ ಸುಲಭದ ದಾರಿ ಇದೆ: ಅದೇ ಟ್ರ್ಯಾಕ್‌ನಲ್ಲಿ ಒಂದಡಿ ಅಗಲದ ಪಟ್ಟಿ ನಿಲ್ಲಿಸಿ ಕಿಂಡಿಯನ್ನು ಅದಕ್ಕೆ ಹಾಕಿ. ಬಾಗಿಲು ಆ ಪಟ್ಟಿಗೆ ಬಂದು ಮುಚ್ಚಿಕೊಳ್ಳುತ್ತದೆ, ಅದಕ್ಕೆ ಚಿಲಕ ಮಾತ್ರ ಹೊಸದು ಬೇಕು.

ಇಂಗ್ಲೆಂಡಿನಲ್ಲಿರುವ ಕನ್ನಡಿಗರೊಬ್ಬರು:

ಆ ಗಂಡು ಬೆಕ್ಕಿನ ವಿಷಯಕ್ಕೆ ಯಾರೂ ಬರಲಿಲ್ಲ, ನಾನು ಹೇಳುತ್ತೇನೆ. ಇಲ್ಲಿ ಬೆಕ್ಕಿನ ಕಿಂಡಿ ತೀರಾ ಮಾಮೂಲು. ಎಕ್ಸಿಟರ್ ಕೆಥೆಡ್ರಲ್‌ನ ಹಳೇ ಗಡಿಯಾರದ ಕೆಳಗಿನ ಬಾಗಿಲಲ್ಲಿ ಬೆಕ್ಕಿಗೆ ಅಂತಲೇ ಕೊರೆದ ದುಂಡು ತೂತು ಇವತ್ತಿಗೂ ಇದೆ. ಇಲ್ಲಿನವರ ದೊಡ್ಡ ತಲೆನೋವು ಹಾವಲ್ಲ, ಪಕ್ಕದ ಮನೆಯ ಬೆಕ್ಕು. ಸುಮ್ನೆ ತೂಗುವ ಕಿಂಡಿ ಇಟ್ಟರೆ ಅದು ಒಳಗೆ ಬಂದು ಊಟ ಖಾಲಿ ಮಾಡಿ, ಸೋಫಾಗೆ ಮೂತ್ರ ಹಾರಿಸಿ ಹೋಗುತ್ತದೆ. ನಮ್ಮ ಬೆಕ್ಕು ಹೆದರಿಕೊಂಡು ತನ್ನದೇ ಮನೆಯಲ್ಲಿ ಮಂಚದಡಿ ಕೂರುತ್ತದೆ.

ಅದಕ್ಕೇ ಮೈಕ್ರೋಚಿಪ್ ಓದುವ ಕಿಂಡಿ ಬಂದಿರುವುದು. ಅಕ್ಕಿಕಾಳಿನಷ್ಟು ಚಿಪ್ ಅನ್ನು ವೆಟ್ (ಪಶುವೈದ್ಯರು) ಬೆಕ್ಕಿನ ಕತ್ತಿನ ಹಿಂದೆ ಚರ್ಮದಡಿ ಹಾಕುತ್ತಾರೆ, ಅದರಲ್ಲಿ 15 ಅಂಕಿಯ ನಂಬರ್ ಇರುತ್ತದೆ. ಆ ನಂಬರಿನ ಬೆಕ್ಕು ತಲೆ ಹಾಕಿದರೆ ಮಾತ್ರ ಲಾಕ್ ಬಿಡುತ್ತದೆ. ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ ಸಾಕಿದ ಬೆಕ್ಕಿಗೆಲ್ಲ ಚಿಪ್ ಕಡ್ಡಾಯ, 20 ವಾರ ತುಂಬುವುದರೊಳಗೆ ಹಾಕಿಸಬೇಕು. ಹಾಗಾಗಿ ಇಲ್ಲಿ ಖರ್ಚು ಕಿಂಡಿಯದ್ದು ಮಾತ್ರ. ಭಾರತದಲ್ಲೂ ವೆಟ್ ಹತ್ತಿರ ಚಿಪ್ ಹಾಕಿಸಬಹುದು, ಬೆಕ್ಕನ್ನು ವಿದೇಶಕ್ಕೆ ಕರೆದುಕೊಂಡು ಹೋಗುವವರು ಹೇಗೂ ಹಾಕಿಸುತ್ತಾರೆ.

ಕೊಳ್ಳುವ ಮೊದಲು ಎರಡು ವಿಷಯ ಕೇಳಿ. ಬಹಳಷ್ಟು ಮಾಡೆಲ್ ಒಳಗೆ ಬರುವಾಗ ಮಾತ್ರ ಚಿಪ್ ನೋಡುತ್ತವೆ, ಹೊರಗೆ ಯಾವ ಬೆಕ್ಕು ಬೇಕಾದರೂ ಹೋಗಬಹುದು. ಎರಡು ಬೆಕ್ಕಿದ್ದು ಒಂದನ್ನು ಮಾತ್ರ ಹೊರಗೆ ಬಿಡಬೇಕಾದರೆ ಎರಡೂ ಕಡೆ ಓದುವ ಮಾಡೆಲ್ ಬೇಕು. ಇನ್ನೊಂದು, ಸುತ್ತ ಕಬ್ಬಿಣ ಇದ್ದರೆ ಚಿಪ್ ಸರಿಯಾಗಿ ಓದುವುದಿಲ್ಲ. ನಿಮ್ಮ ಗ್ರಿಲ್ ಜಾಲರಿಗೆ ಹಾಕುವುದಾದರೆ ಕಿಂಡಿಯ ಸುತ್ತ ಸಾಕಷ್ಟು ಅಗಲಕ್ಕೆ ಮರದ ಹಲಗೆಯೇ ಇರಲಿ. ಕಾಲರ್‌ಗೆ ಅಯಸ್ಕಾಂತ ಕಟ್ಟುವ ಅಗ್ಗದ ನಮೂನೆಯೂ ಸಿಗುತ್ತದೆ. ಹೊರಗೆ ಓಡಾಡುವ ಬೆಕ್ಕಿನ ಕಾಲರ್ ಕೊಂಬೆಗೆ, ಗ್ರಿಲ್‌ಗೆ ಸಿಕ್ಕಿ ಕುತ್ತಿಗೆ ಬಿಗಿಯಬಹುದು. ಹಾಕಲೇಬೇಕಾದರೆ ಎಳೆದ ಕೂಡಲೇ ಬಿಚ್ಚಿಕೊಳ್ಳುವ ಕಾಲರ್ ಹಾಕಿ.

ಕಿಂಡಿಯ ಹೊರಗೆ ಎರಡು ಹೂವಿನ ಕುಂಡ ಇಡಿ. ಬೆಕ್ಕು ಹೊರಗೆ ತಲೆ ಹಾಕಿದ ಕೂಡಲೇ ಬಯಲು ಸಿಗಬಾರದು. ಮರೆಯಲ್ಲಿ ನಿಂತು ನೋಡಿಕೊಂಡು ಆಮೇಲೆ ಹೊರಡುತ್ತದೆ.

ಬೆಂಗಳೂರಿನಿಂದ ಇನ್ನೊಬ್ಬರು:

ನಮ್ಮ ಮನೆ ಬಸ್ ಓಡಾಡುವ ರಸ್ತೆಗೆ ಅಂಟಿಕೊಂಡಿದೆ. ನಾವು ಕಿಂಡಿ ಹಾಕಿಸಲಿಲ್ಲ, ಹಾಕಿಸುವುದೂ ಇಲ್ಲ. ಗೇಟಿನಾಚೆ ನಾಲ್ಕು ಹೆಜ್ಜೆಗೆ ಟ್ರಾಫಿಕ್ ಇರುವವರು ಯಾರೂ ಹಾಕಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಟೆರೇಸಿನಲ್ಲಿ ಜಾಲರಿ ಸುತ್ತಿದ ಒಂದು ಕೋಣೆ ಮಾಡಿಸಿದ್ದೇವೆ, ಬಿಸಿಲು, ಗಾಳಿ, ಹಕ್ಕಿ ನೋಡುವುದು ಎಲ್ಲ ಅಲ್ಲೇ.

ಹೊರಗೆ ಬಿಡುವವರು ರೇಬೀಸ್ ಲಸಿಕೆ ತಪ್ಪಿಸಬೇಡಿ. ನಾಯಿಗೆ ಮಾತ್ರ ಅಂತ ಎಷ್ಟೋ ಜನ ತಿಳಿದಿದ್ದಾರೆ. ಬೆಕ್ಕಿಗೂ ಬರುತ್ತದೆ, ಬೆಕ್ಕಿನಿಂದ ನಮಗೂ ಬರುತ್ತದೆ. ಗಂಡು ಬೆಕ್ಕಿನ ಜೊತೆ ಜಗಳ ಆಗಿ ಬಂದರೆ ಮೈಯೆಲ್ಲ ತಡವಿ ನೋಡಿ. ಹಲ್ಲಿನ ಗಾಯ ಮೇಲೆ ಸಣ್ಣದಾಗಿ ಕಾಣುತ್ತದೆ, ಒಳಗೆ ಕೀವು ಕಟ್ಟುತ್ತದೆ.

ಕೇಳಿದವರು ಮತ್ತೆ:

ಎಲ್ಲರಿಗೂ ಧನ್ಯವಾದ. ಜಾಲರಿಯ ಯೋಚನೆ ಅತ್ತೆ, ಮಾವ ಇಬ್ಬರಿಗೂ ಹಿಡಿಸಿತು. ಆದರೆ ಒಂದು ಪ್ರಶ್ನೆ. ರಾತ್ರಿ ಲಾಕ್ ಹಾಕಿದರೆ ಬೆಳಗಿನ ಜಾವದ ಕೂಗು ಹಾಗೇ ಉಳಿಯುತ್ತದಲ್ವಾ? ನಮಗೆ ಬೇಕಿದ್ದದ್ದೇ ಆ ನಿದ್ದೆ.

ಧಾರವಾಡದಿಂದ:

ಹೌದ್ರಿ, ಅದಕ್ಕೆ ಕಿಂಡಿ ಮದ್ದಲ್ಲ. ಬೆಕ್ಕು ಚುರುಕಾಗುವುದೇ ನಸುಕಿಗೆ ಮತ್ತು ಮುಸ್ಸಂಜೆಗೆ, ಬೇಟೆಯ ಹೊತ್ತು ಅದು. ನೀವು ಎದ್ದು ಬಾಗಿಲು ತೆಗೆದಷ್ಟೂ ಕೂಗಿದರೆ ಕೆಲಸ ಆಗುತ್ತದೆ ಅಂತ ಅದು ಕಲಿಯುತ್ತದೆ. ಮಲಗುವ ಮೊದಲು ದಾರ ಎಳೆದು ಚೆನ್ನಾಗಿ ಆಡಿಸಿ, ಆಮೇಲೆ ದಿನದ ದೊಡ್ಡ ಊಟ ಹಾಕಿ. ಬೆಳಿಗ್ಗೆ ಎದ್ದ ಕೂಡಲೇ ಊಟ ಬೇಡ, ಸ್ವಲ್ಪ ತಡವಾಗಲಿ. ರಾತ್ರಿ ಜಾಲರಿಯೊಳಗೆ ಹಾಸಿಗೆ, ನೀರು, ಮರಳಿನ ಟ್ರೇ ಇಟ್ಟು ಅಡುಗೆಮನೆ ಬಾಗಿಲು ಹಾಕಿ. ಮೊದಮೊದಲು ಜಾಸ್ತಿಯೇ ಕೂಗುತ್ತದೆ. ಆಗ ಒಂದು ದಿನ ಎದ್ದು ಹೋದರೂ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ, ಮನೆಯವರೆಲ್ಲ ಒಂದೇ ಮಾತಿಗೆ ಬನ್ನಿ. ಮೈಸೂರಿನ ಚಳಿಗೆ ಹಾಸಿಗೆ ನೆಲದ ಮೇಲೆ ಬೇಡ, ಒಂದು ರಟ್ಟಿನ ಡಬ್ಬಿಯಲ್ಲಿ ಹಳೇ ಸ್ವೆಟರ್ ಹಾಕಿ ಸ್ಟೂಲ್ ಮೇಲಿಡಿ.

ಕಿಂಡಿ ಕಲಿಸುವಾಗ ಹಿಡಿದು ತಳ್ಳಬೇಡಿ, ಒಮ್ಮೆ ಹೆದರಿದರೆ ಅದರ ಹತ್ತಿರವೂ ಸುಳಿಯುವುದಿಲ್ಲ. ಮೊದಲು ಮುಚ್ಚಳವನ್ನು ಮೇಲಕ್ಕೆತ್ತಿ ಟೇಪ್ ಹಚ್ಚಿ, ಬರೀ ತೂತು ಇರಲಿ. ಈ ಕಡೆ ಬೆಕ್ಕು, ಆ ಕಡೆ ಅದಕ್ಕೆ ಇಷ್ಟದ ತಿಂಡಿ ಹಿಡಿದು ನೀವು. ಆರಾಮಾಗಿ ದಾಟತೊಡಗಿದ ಮೇಲೆ ಮುಚ್ಚಳ ಅರ್ಧ ಇಳಿಸಿ, ತಲೆಯಿಂದ ತಳ್ಳುವುದು ಅದಕ್ಕೇ ತಿಳಿಯುತ್ತದೆ. ಚಿಪ್ ಕಿಂಡಿಯಾದರೆ ಲಾಕ್ ಬಿಡುವ ‘ಟಕ್’ ಸದ್ದಿಗೂ ಬೆಚ್ಚುತ್ತದೆ. ಊಟ ಹಾಕುವ ಹೊತ್ತಿಗೆ ಆ ಸದ್ದನ್ನು ನೀವೇ ಮಾಡಿ ಕೇಳಿಸಿ. ಮಳೆಗಾಲ ಹಿಡಿಯುವ ಮೊದಲೇ ಕಲಿಸಿಬಿಡ್ರಿ, ಒದ್ದೆ ನೆಲಕ್ಕೆ ಕಾಲಿಡಲು ಯಾವ ಬೆಕ್ಕೂ ಮನಸ್ಸು ಮಾಡುವುದಿಲ್ಲ.