ಮಾಡಿಫೈ ಆದ ಸ್ಪೋರ್ಟ್ಸ್ ಕಾರಿಗೆ ಒರಿಜಿನಾಲಿಟಿ ಮಾರ್ಕ್ಸ್ ಹೇಗೆ ಕೊಡೋದು?

ಮೂರನೇಗೇರ್:

ಎಲ್ಲರಿಗೂ ನಮಸ್ಕಾರ. ನಮ್ಮ ಹಳೆ ಕಾರುಗಳ ಕ್ಲಬ್ಬಿನ ಶೋಗೆ ಈ ಸಲ ನನ್ನನ್ನೂ ಜಡ್ಜ್ ಆಗಿ ಹಾಕಿದ್ದಾರೆ. ಇಲ್ಲಿವರೆಗೆ ಸೀನಿಯರ್ ಜಡ್ಜ್ ಹಿಂದೆ ಕಾಗದ ಹಿಡಿದು ಓಡಾಡಿದ್ದಷ್ಟೇ ನನ್ನ ಅನುಭವ. ಬರುವ ಗಾಡಿಗಳ ಪಟ್ಟಿ ನೋಡಿದ ಮೇಲೆ ತಲೆ ಓಡುತ್ತಿಲ್ಲ.

ಮೊದಲನೆಯದು 1972ರ ಡಾಟ್ಸನ್ 240ಝಡ್. ಕಂಪನಿ ಕೊಟ್ಟ ಎರಡು ಹಿಟಾಚಿ ಕಾರ್ಬುರೇಟರ್ ತೆಗೆದು ಮೂರು ವೆಬರ್ ಕೂರಿಸಿದ್ದಾರೆ. ಮೊದಲ ಮಾಲೀಕನೇ ಕೂರಿಸಿದ್ದು ಅಂತ ಈಗಿನವರು ಹೇಳುತ್ತಾರೆ. ಎರಡನೆಯದು 1980ರ ಪೋರ್ಷೆ 911 ಎಸ್‌ಸಿ. ಅದಕ್ಕೆ ಹಳೆ ಕಾಲದ ಉದ್ದ ಬಾನೆಟ್, ಹಿಂದೆ ಬಾತುಕೋಳಿ ಬಾಲದ ಥರದ ಸ್ಪಾಯ್ಲರ್ ಹಾಕಿ 1973ರ ಕರೇರಾ ಆರ್‌ಎಸ್ ರೂಪ ಕೊಟ್ಟಿದ್ದಾರೆ. ಮೂರನೆಯದು ರೂಫ್, ಅಂದರೆ ಪೋರ್ಷೆಯ ಆಧಾರದ ಮೇಲೆ ಕಾರು ಕಟ್ಟುವ ಜರ್ಮನ್ ಕಂಪನಿಯದ್ದು. ನೋಡೋಕೆ ಪೋರ್ಷೆ, ಕಾಗದದಲ್ಲಿ ರೂಫ್.

ನಮ್ಮ ಫಾರ್ಮಿನಲ್ಲಿ ನೂರಕ್ಕೆ ನಲವತ್ತು ಮಾರ್ಕ್ಸ್ ಒರಿಜಿನಾಲಿಟಿಗೆ. ಫ್ಯಾಕ್ಟರಿಯದ್ದಲ್ಲದ ಪ್ರತಿ ಭಾಗಕ್ಕೂ ಕಟ್ ಮಾಡುತ್ತಾ ಹೋದರೆ ಮೂರೂ ಸೊನ್ನೆಗೆ ಬರುತ್ತವೆ. ಅದು ಸರಿ ಅನ್ನಿಸುತ್ತಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಕಾರ್ವೆಟ್‌ಪ್ರೇಮಿ:

ನನ್ನ ಉತ್ತರ ಚಿಕ್ಕದು. ಫ್ಯಾಕ್ಟರಿಯಲ್ಲಿ ಇರಲಿಲ್ಲವಾ? ಕಟ್ ಮಾಡಿ. ಅಮೆರಿಕದಲ್ಲಿ ಷೆವರ್ಲೆಯ ಸ್ಪೋರ್ಟ್ಸ್ ಕಾರಾದ ಕಾರ್ವೆಟ್‌ಗಳಿಗಾಗಿಯೇ ಇರುವ ಎನ್‌ಸಿಆರ್‌ಎಸ್ ಕ್ಲಬ್ಬಿನಲ್ಲಿ ಟಾಪ್ ಫ್ಲೈಟ್ ಅನ್ನೋ ಪ್ರಶಸ್ತಿ ಬೇಕಂದರೆ ನೂರಕ್ಕೆ 94 ಆದರೂ ಬರಬೇಕು. ಅಲ್ಲಿ ಪೇಂಟ್ ತುಂಬ ಚೆನ್ನಾಗಿದ್ದರೂ ಮಾರ್ಕ್ಸ್ ಹೋಗುತ್ತದೆ. 1960ರ ದಶಕದ ಕಾರ್ವೆಟ್ ಲ್ಯಾಕರ್ ಪೇಂಟಿನಲ್ಲಿ ಬರುತ್ತಿತ್ತು. ಈಗಿನ ಕ್ಲಿಯರ್‌ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಹೊಡೆಸಿ ಕನ್ನಡಿ ಥರ ಹೊಳೆಸಿದರೆ ಅದು ತಪ್ಪೇ. ಮಾಡಿಫೈ ಮಾಡಿಸಿದವರಿಗೆ ಬೇರೆ ಸಾಲು ಇರಲಿ. ಒರಿಜಿನಲ್ ಅನ್ನೋ ಮಾತಿಗೆ ಒಂದು ಬೆಲೆ ಉಳಿಯಬೇಕು.

ಟಾರ್ಚ್‌ಕನ್ನಡಿ:

ಕಾರ್ವೆಟ್‌ಪ್ರೇಮಿಯವರ ಕಾಳಜಿ ನನಗೂ ಇದೆ. ಆದರೆ ಆ ಒಂದೇ ಅಳತೆಗೋಲಿನಿಂದ ನಾನೇ ಒಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ. ಅದನ್ನೇ ಮೊದಲು ಹೇಳುತ್ತೇನೆ.

ನಾನು ಜಡ್ಜ್ ಆದ ಎರಡನೇ ವರ್ಷ. ಎದುರಿಗೆ 1965ರ ಶೆಲ್ಬಿ ಜಿಟಿ350. ಬಾನೆಟ್ ಎತ್ತಿ ಟಾರ್ಚ್ ಬಿಟ್ಟೆ. ಮುಂದಿನ ಸಸ್ಪೆನ್ಷನ್ನಿನ ಮೇಲಿನ ಆರ್ಮ್ ಕೂರುವ ಜಾಗದಲ್ಲಿ, ಕಂಪನಿ ಹೊಡೆದ ತೂತಿಗಿಂತ ಸುಮಾರು ಒಂದು ಇಂಚು ಕೆಳಗೆ, ಇನ್ನೊಂದು ಜೊತೆ ತೂತು. ಆರ್ಮ್ ಅಲ್ಲಿಗೆ ಇಳಿದಿದೆ. ಮೇಲಿನ ತೂತು ಖಾಲಿ ಬಿದ್ದಿದೆ. ಯಾರೋ ರೇಸಿಗೆ ಅಂತ ಕೊರೆಸಿದ್ದಾರೆ ಅಂದುಕೊಂಡು ಮಾರ್ಕ್ಸ್ ಕಟ್ ಮಾಡಿದೆ. ಮಾಲೀಕರು ವಯಸ್ಸಾದವರು, ಜಗಳ ಮಾಡಲಿಲ್ಲ. ಮುಖ ಮಾತ್ರ ಬಾಡಿತು. ರಾತ್ರಿ ಓದಿದ ಮೇಲೆ ಗೊತ್ತಾಯಿತು. ಫೋರ್ಡ್ ಕಳಿಸಿದ ಮಸ್ಟಾಂಗ್‌ಗೆ ಆ ಒಂದು ಇಂಚಿನ ತೂತು ಕೊರೆದದ್ದೇ ಶೆಲ್ಬಿಯ ಕೆಲಸಗಾರರು, ಅಂದರೆ ಮಸ್ಟಾಂಗನ್ನು ಮಾರ್ಪಡಿಸಿ ಜಿಟಿ350 ಮಾಡುತ್ತಿದ್ದ ಕಂಪನಿಯವರೇ. 1965ರ ಜಿಟಿ350ಗಳಿಗೆಲ್ಲ ಹಾಗೇ ಮಾಡಿದ್ದರು. ಆ ತೂತು ಇಲ್ಲದಿದ್ದರೆ ನಾನು ಕಟ್ ಮಾಡಬೇಕಿತ್ತು! ಮಾರನೇ ದಿನ ಹುಡುಕಿಕೊಂಡು ಹೋಗಿ ಅವರ ಹತ್ತಿರ ಕ್ಷಮೆ ಕೇಳಿದೆ. ಫಲಿತಾಂಶ ಅಷ್ಟರಲ್ಲಿ ಓದಿಯಾಗಿತ್ತು. ಅದು ಇವತ್ತಿಗೂ ಚುಚ್ಚುತ್ತದೆ.

ಅವತ್ತಿನಿಂದ ಗಾಡಿ ಮುಟ್ಟುವ ಮೊದಲು ಮಾಲೀಕರಿಗೆ ಒಂದೇ ಪ್ರಶ್ನೆ ಕೇಳುತ್ತೇನೆ. ‘ಇದು ಯಾವ ದಿನದ ಗಾಡಿ?’ ಅಂತ. ಫ್ಯಾಕ್ಟರಿ ಗೇಟ್ ದಾಟಿದ ದಿನದ್ದಾ? ಶೆಲ್ಬಿ ಥರದವರ ಕೈಯಿಂದ ಹೊರಬಂದ ದಿನದ್ದಾ? ಮೊದಲ ಮಾಲೀಕ ರೇಸಿಗೆ ಒಯ್ದ ವರ್ಷದ್ದಾ? ಅವರು ಒಂದು ದಿನ ಹೇಳಬೇಕು. ಆಮೇಲೆ ಗಾಡಿಯ ಮೇಲಿರುವ ಪ್ರತಿಯೊಂದೂ ಆ ದಿನಕ್ಕೆ ಒಪ್ಪಬೇಕು. ಕಡಿಮೆಯೂ ಆಗಬಾರದು, ಜಾಸ್ತಿಯೂ ಆಗಬಾರದು. ಅಮೆರಿಕದ ಹಳೆ ಕಾರುಗಳ ಎಎಸಿಎ ಕ್ಲಬ್ ಕೂಡ 400 ಪಾಯಿಂಟಿನ ಲೆಕ್ಕ ಇಟ್ಟಿರುವುದು ಒಂದು ದಿನಕ್ಕೇ. ಡೀಲರ್ ಗಿರಾಕಿಗೆ ಗಾಡಿ ಒಪ್ಪಿಸುವಾಗ ಅದು ಹೇಗೆ ಇರಬಹುದಿತ್ತೋ ಆ ಸ್ಥಿತಿ. ಅದಕ್ಕಿಂತ ಚಂದ ಮಾಡಿದರೆ ಜಾಸ್ತಿ ಪಾಯಿಂಟ್ ಇಲ್ಲ.

ಈಗ ನಿಮ್ಮ ಡಾಟ್ಸನ್. ಮೊದಲ ಮಾಲೀಕ ಹಾಕಿಸಿದ್ದು ಅನ್ನುವುದು ಬರೀ ಬಾಯಿಮಾತು. ಅದಕ್ಕೆ ಪುರಾವೆ ಬೇಕು. ಬಿಲ್, ಹಳೇ ಫೋಟೋ, ಏನಾದರೂ. ಅದು ಇಲ್ಲ ಅಂದರೆ ಗಾಡಿಯನ್ನೇ ಕೇಳಿ. ಚಿಕ್ಕ ಕನ್ನಡಿ, ಟಾರ್ಚ್ ತಗೊಂಡು ಕಾರ್ಬುರೇಟರಿನ ಮೈಮೇಲೆ ಏನು ಬರೆದಿದೆ ಓದಿ. ಆ ಕಾಲದ ವೆಬರ್ ಇಟಲಿಯ ಬೊಲೋನ್ಯದ್ದು. ತಯಾರಿಕೆ ಸ್ಪೇನ್‌ಗೆ ಹೋದದ್ದು ಎಷ್ಟೋ ವರ್ಷಗಳ ನಂತರ. ‘ಮೇಡ್ ಇನ್ ಸ್ಪೇನ್’ ಅಂತ ಇದ್ದರೆ 1972ರ ಕಥೆ ಅಲ್ಲಿಗೇ ನಿಂತಿತು. ಮ್ಯಾನಿಫೋಲ್ಡ್ ನೋಡಿ, ಆಕ್ಸಿಲರೇಟರ್ ಲಿಂಕೇಜ್ ನೋಡಿ, ಹೋಸ್ ಕ್ಲಿಪ್ ನೋಡಿ. ಐವತ್ತು ವರ್ಷ ಒಂದೇ ಕಡೆ ಕೂತ ಬೋಲ್ಟಿನ ಕೆಳಗೆ ವಾಷರ್ ತನ್ನ ಅಚ್ಚು ಒತ್ತಿರುತ್ತದೆ, ಸುತ್ತ ಲೋಹದ ಬಣ್ಣ ಬೇರೆ ಇರುತ್ತದೆ. ಮೊನ್ನೆ ಬಿಗಿದದ್ದಕ್ಕೆ ಆ ಗುರುತು ಬರುವುದಿಲ್ಲ. ತೆಗೆದ ಹಿಟಾಚಿ ಜೋಡಿಯನ್ನು ಮಾಲೀಕರು ಎತ್ತಿಟ್ಟಿದ್ದಾರಾ ಅಂತಲೂ ಕೇಳಿ. ಇಟ್ಟಿದ್ದರೆ ನನ್ನ ಗೌರವ ದುಪ್ಪಟ್ಟಾಗುತ್ತದೆ.

ರೂಫ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅದು ಸುಲಭ. 1981ರಿಂದ ಜರ್ಮನಿಯಲ್ಲಿ ಅವರು ಸ್ವತಂತ್ರ ಕಾರು ತಯಾರಕರು. ಅವರೇ ಕಟ್ಟಿದ ಗಾಡಿಯ ಚಾಸಿಸ್ ನಂಬರ್ ಡಬ್ಲ್ಯು09 ಅಂತ ಶುರುವಾಗುತ್ತದೆ. ಗಿರಾಕಿ ತಂದುಕೊಟ್ಟ ಪೋರ್ಷೆಯನ್ನು ಮಾಡಿಫೈ ಮಾಡಿದ್ದರೆ ಪೋರ್ಷೆ ನಂಬರ್ರೇ ಉಳಿದಿರುತ್ತದೆ. ಎರಡೂ ಸಾಚಾ, ಆದರೆ ಎರಡೂ ಒಂದೇ ಅಲ್ಲ. ಡಬ್ಲ್ಯು09 ಆದರೆ ಪೋರ್ಷೆ ಪುಸ್ತಕ ಮುಚ್ಚಿಡಿ. 1987ರ ರೂಫ್ ಸಿಟಿಆರ್ ಮಾಡೆಲ್‌ನ ಚಾವಣಿ ಅಂಚಿನಲ್ಲಿ ಮಳೆನೀರಿನ ಗಟರ್ ಇರುವುದಿಲ್ಲ, ಗಾಳಿಯ ತಡೆ ಕಡಿಮೆ ಮಾಡಲು ತೆಗೆದಿದ್ದರು. ಪೋರ್ಷೆ ಕಣ್ಣಿನಿಂದ ನೋಡಿದರೆ ಅದು ತಪ್ಪು ಕಾಣುತ್ತದೆ. ರೂಫ್ ಕಣ್ಣಿನಿಂದ ನೋಡಿದರೆ ಅದೇ ಗಾಡಿಯ ಗುರುತು.

ಆರ್‌ಎಸ್ ವೇಷದ ಎಸ್‌ಸಿ ಬಗ್ಗೆ ಮಾತ್ರ ನಾನು ಖಡಕ್. ಅದು ಅನುಕರಿಸುವ 1973ರ ಕರೇರಾ ಆರ್‌ಎಸ್ 2.7 ಒಟ್ಟು ತಯಾರಾದದ್ದೇ 1580. ಅವುಗಳ ಚಾಸಿಸ್ ನಂಬರ್ 911360 ಅಂತ ಶುರುವಾಗುತ್ತದೆ. ನಿಮ್ಮ ಗಾಡಿ ಅದಲ್ಲ, ಅದರ ಮಾಲೀಕರಿಗೂ ಗೊತ್ತು. 1980ರ ಗಾಡಿಗೆ 1973ರ ದಿನ ಇಲ್ಲವೇ ಇಲ್ಲ, ಹಾಗಾಗಿ ಆ ನಲವತ್ತರ ಕಾಲಂ ಅದಕ್ಕೆ ಅನ್ವಯಿಸುವುದಿಲ್ಲ. ಸೊನ್ನೆ ಹಾಕಿ ಅವಮಾನ ಮಾಡಬೇಡಿ. ಕಸ್ಟಮ್ ಸಾಲಿಗೆ ಕಳಿಸಿ, ಕೆಲಸದ ಅಚ್ಚುಕಟ್ಟು ನೋಡಿ. ಫೆಂಡರ್ ಜೋಡಿಸಿದ ಕಡೆ ಸಂದು ಒಂದೇ ಸಮ ಇದೆಯಾ, ಬಾನೆಟ್ ಅಂಚು ಕೂತಿದೆಯಾ, ಪುಟ್ಟಿ ತುಂಬಿ ಮುಚ್ಚಿದ್ದಾರಾ ಅಂತ. ಬೋರ್ಡಿನಲ್ಲಿ ಮಾತ್ರ ‘1980 ಎಸ್‌ಸಿ’ ಅಂತಲೇ ಇರಬೇಕು.

ಕಾರ್ವೆಟ್‌ಪ್ರೇಮಿ:

ಶೆಲ್ಬಿ ಮಾತು ಒಪ್ಪಿದೆ. ಆದರೆ ಮೊದಲ ಮಾಲೀಕನ ರುಚಿಯನ್ನೆಲ್ಲ ಒಪ್ಪುತ್ತಾ ಹೋದರೆ ಕೊನೆ ಎಲ್ಲಿ? ನಾಳೆ ಯಾರೋ ಸನ್‌ರೂಫ್ ಕತ್ತರಿಸಿದ್ದನ್ನೂ ಇತಿಹಾಸ ಅಂತಾರೆ.

ಟಾರ್ಚ್‌ಕನ್ನಡಿ:

ನ್ಯಾಯವಾದ ಪ್ರಶ್ನೆ. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾದವರ ಟ್ಯೂರಿನ್ ಚಾರ್ಟರ್ ಅನ್ನೋ ಮಾರ್ಗಸೂಚಿ ಇದನ್ನು ಮುಟ್ಟುತ್ತದೆ. ಗಾಡಿ ಬಳಕೆಯಲ್ಲಿದ್ದ ಕಾಲದಲ್ಲಿ ಆದ ಬದಲಾವಣೆಗಳೂ ಅದರ ಇತಿಹಾಸವೇ, ತಯಾರಾದ ದಿನದ ರೂಪಕ್ಕೆ ವಾಪಸ್ ತರಲೇಬೇಕು ಅಂತಿಲ್ಲ ಅನ್ನುವುದು ಅದರ ನಿಲುವು. ಸನ್‌ರೂಫ್ ಆಗಲೇ ಕತ್ತರಿಸಿದ್ದು ಅಂತ ದಾಖಲೆ ಇದ್ದರೆ ನಾನು ಅದನ್ನು ಆ ಗಾಡಿಯ ಬದುಕು ಅಂತ ಒಪ್ಪುತ್ತೇನೆ. ಆದರೆ ಫ್ಯಾಕ್ಟರಿ ಸ್ಥಿತಿಯ ಸಾಲಿನಲ್ಲಿ ನಿಲ್ಲಲು ಬಿಡುವುದಿಲ್ಲ.

ಪುಟ್ಟಿಪರೀಕ್ಷೆ:

ನಾನು ಡೆಂಟಿಂಗ್ ಪೇಂಟಿಂಗ್ ಕೆಲಸದವನು. ಒಂದು ಮಾತು ಸೇರಿಸುತ್ತೇನೆ. ಟೈರ್ ನೋಡೋದು ಮರೀಬೇಡಿ. ತಯಾರಿ ದಿನಾಂಕದ ಕೋಡಿನಲ್ಲಿ ನಾಲ್ಕು ಅಂಕಿ ಇದ್ದರೆ ಅದು 2000ದಿಂದ ಈಚೆಗಿನದು, ಮೂರು ಅಂಕಿ ಇದ್ದರೆ ಅದಕ್ಕೂ ಹಿಂದಿನದು. ಹಳೇ ಟೈರಿಗೆ ಮಾರ್ಕ್ಸ್ ಕೊಟ್ಟರೂ ಅದರ ಮೇಲೆ ಓಡಿಸಬೇಡಿ ಅಂತ ಮಾಲೀಕರಿಗೆ ಹೇಳಿ. ಆಮೇಲೆ ಪೇಂಟಿನ ದಪ್ಪ ಅಳೆಯುವ ಪೇಂಟ್ ಮೀಟರ್. ಮ್ಯಾಗ್ನೆಟ್ ಮೀಟರ್ ಉಕ್ಕಿನ ಮೇಲೆ ಮಾತ್ರ ಕೆಲಸ ಮಾಡುತ್ತದೆ, ಫೈಬರ್ ಬಾಡಿಯ ಕಾರ್ವೆಟ್ ಮೇಲೆ ಹಿಡಿದು ಸುಮ್ನೆ ಗೊಂದಲ ಮಾಡಿಕೊಳ್ಳಬೇಡಿ.

ಮೂರನೇಗೇರ್:

ಶೋ ಮುಗಿಯಿತು, ಹೇಳಿಬಿಡುತ್ತೇನೆ. ‘ಯಾವ ದಿನದ ಗಾಡಿ?’ ಅಂತ ಕೇಳಿದ ತಕ್ಷಣ ಡಾಟ್ಸನ್ ಮಾಲೀಕರು ಚೀಲದಿಂದ ಒಂದು ಮಾಸಿದ ಫೋಟೋ ತೆಗೆದರು. ಬಾನೆಟ್ ಎತ್ತಿದೆ, ಮೂರು ಕಾರ್ಬುರೇಟರ್ ಕಾಣುತ್ತಿದೆ, ಹಿಂಬದಿ 1974 ಅಂತ ಪೆನ್ನಿನಲ್ಲಿ ಬರೆದಿದೆ. ಹಾಗಾದರೆ 1974ರ ಗಾಡಿ ಅಂತಲೇ ನೋಡ್ತೀನಿ ಅಂದೆ, ಒಪ್ಪಿದರು. ಮಂಡಿಯೂರಿ ಕನ್ನಡಿ ಹಿಡಿದೆ. ಮೊದಲ ಎರಡರ ಮೇಲೆ ಬೊಲೋನ್ಯ. ಮೂರನೆಯದನ್ನು ಕಷ್ಟಪಟ್ಟು ಓದಿದೆ, ಸ್ಪೇನ್! ತಲೆ ಎತ್ತಿದರೆ ಅವರೇ ಅಂದರು, ‘ಅದು ಸೀಳು ಬಿಟ್ಟಿತ್ತು, ಬದಲಾಯಿಸಿದೆ. ಹಳೆಯದು ಇಲ್ಲೇ ಇದೆ, ನೋಡಿ.’ ಡಿಕ್ಕಿಯಲ್ಲಿ ಬಟ್ಟೆ ಸುತ್ತಿಟ್ಟಿದ್ದರು. ಬಟ್ಟೆ ಬಿಡಿಸಿದರೆ ಕೆಳಗಡೆ ಕೂದಲೆಳೆಯಷ್ಟು ಬಿರುಕು, ಪಕ್ಕದಲ್ಲಿ ಅದೇ ಬೊಲೋನ್ಯ. ನಲವತ್ತಕ್ಕೆ ಮೂವತ್ತೇಳು ಕೊಟ್ಟೆ. ಮೂರು ಯಾಕೆ ಹೋಯಿತು ಅಂತ ಫಾರ್ಮಿನ ಹಿಂದೆ ಬರೆದುಕೊಟ್ಟೆ. ಅವರು ಅದನ್ನು ಮಡಚಿ ಫೋಟೋ ಜೊತೆಗೇ ಇಟ್ಟುಕೊಂಡರು.