ಸ್ಯಾನ್ ಹೋಸೆಯ ಈಜಿಪ್ಟ್ ಮ್ಯೂಸಿಯಂಗೆ ಅಪ್ಪನನ್ನು ಕಳಿಸಬಹುದಾ?

ಜಯನಗರದವಳು:
ಅಪ್ಪ ಅಮ್ಮ ಮುಂದಿನ ತಿಂಗಳು ಬೆಂಗಳೂರಿನಿಂದ ಅಮೆರಿಕದ ಸನಿವೇಲ್‌ಗೆ, ತಮ್ಮನ ಮನೆಗೆ ಹೊರಟಿದ್ದಾರೆ. ಅಲ್ಲಿ ವೀಕೆಂಡ್ ಬಂದರೆ ಮಾಲ್, ಇಲ್ಲದಿದ್ದರೆ ದೇವಸ್ಥಾನ. ಅಪ್ಪನಿಗೆ ಎರಡೂ ಬೇಡ, ಹಳೇ ಕಾಲದ ವಸ್ತು ಅಂದರೆ ಪ್ರಾಣ. ಪಕ್ಕದ ಸ್ಯಾನ್ ಹೋಸೆಯಲ್ಲಿ ರೋಸಿಕ್ರೂಷಿಯನ್ ಈಜಿಪ್ಷಿಯನ್ ಮ್ಯೂಸಿಯಂ ಇದೆಯಂತೆ. "ಅಲ್ಲಿರೋದೆಲ್ಲ ಡೂಪ್ಲಿಕೇಟ್" ಅಂತಾನೆ ತಮ್ಮ. ನಿಜವಾ? ಅಪ್ಪನಿಗೆ ಮಂಡಿ ಆಪರೇಷನ್ ಬೇರೆ ಆಗಿದೆ, ಜಾಸ್ತಿ ನಡೆಯುವ ಹಾಗಿಲ್ಲ.

ಬಸವನಗುಡಿ ಸಿಸ್ಟರ್:
ತಮ್ಮ ಹೇಳಿದ್ದು ಅರ್ಧ ಸರಿ. 1966ರ ಆ ಕಟ್ಟಡವೇ ಈಜಿಪ್ಟಿನ ಕಾರ್ನಾಕ್ ದೇವಸ್ಥಾನದ ಮಾದರಿ. ಒಳಗೆ ಹೊಕ್ಕು ನೋಡುವ ಗೋರಿಯೂ ನಕಲು. ಆದರೆ ಮಮ್ಮಿಗಳು ಅಸಲಿ. ಸಂಗ್ರಹದಲ್ಲಿ 4,000ಕ್ಕೂ ಹೆಚ್ಚು ವಸ್ತುಗಳಿವೆ.

ಮಂಡಿ ಆಪರೇಷನ್ ಅಂದಿರಲ್ಲ, ಹಾಗಾದರೆ ಅಪ್ಪ ಉಸರ್‌ಮೊಂಟು ಅನ್ನುವ ಮಮ್ಮಿಯನ್ನು ನೋಡಲೇಬೇಕು! ಅದು ಶವಪೆಟ್ಟಿಗೆಯ ಮೇಲಿರುವ ಹೆಸರು. ಒಳಗೆ ಮಲಗಿರುವವನು ಬೇರೆ ಯಾರೋ, ಪೆಟ್ಟಿಗೆಗಿಂತ ಹಳಬ ಅಂತಾರೆ. 1971ರಲ್ಲಿ ಕೊಂಡಿದ್ದು ನೀಮನ್ ಮಾರ್ಕಸ್‌ನಿಂದ. ಹೌದು, ಬಟ್ಟೆ, ಬ್ಯಾಗು ಮಾರುವ ಅದೇ ದುಬಾರಿ ಅಂಗಡಿ. 1995ರಲ್ಲಿ ಎಕ್ಸ್‌ರೇ ತೆಗೆದರೆ ಎಡ ಮಂಡಿಯಲ್ಲಿ ಸುಮಾರು 23 ಸೆಂ.ಮೀ. ಉದ್ದದ ಕಬ್ಬಿಣದ ಪಿನ್! ಇತ್ತೀಚೆಗೆ ಯಾರೋ ತೂರಿಸಿರಬೇಕು ಅಂತಲೇ ಮೊದಲು ಅಂದುಕೊಂಡರು. ಮೂಳೆಗೆ ಸಣ್ಣ ತೂತು ಕೊರೆದು ನೋಡಿದಾಗ ಪಿನ್ನಿನ ಸುತ್ತ ಹಳೇ ಕಾಲದ ರಾಳ ಸಿಕ್ಕಿತು. ಅಂದರೆ ಕಳಚಿದ್ದ ಕಾಲನ್ನು ಸತ್ತ ಮೇಲೆ ಆ ಕಾಲದವರೇ ಕೂಡಿಸಿದ್ದಾರೆ. ಪರಲೋಕಕ್ಕೆ ಪೂರ್ತಿ ದೇಹ ಬೇಕು ಅನ್ನುವುದು ಅವರ ನಂಬಿಕೆ. ನಾನು ಆರ್ಥೋ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಪಿನ್ ಜಾರದಿರಲಿ ಅಂತ ಅದಕ್ಕೆ ನಮ್ಮ ಸ್ಕ್ರೂಗಳ ಹಾಗೇ ಏಣು ಇಟ್ಟಿದ್ದಾರೆ. ಎಂಥಾ ಕೆಲಸ, ಅಲ್ವಾ! ಸತ್ತವನಿಗೆ ಯಾರು ಇಷ್ಟು ಕಷ್ಟಪಡುತ್ತಾರೆ?

ಪುಟ್ಟ ಮ್ಯೂಸಿಯಂ, ಆರಾಮಾಗಿ ನೋಡಬಹುದು. ಮೆಟ್ಟಿಲಿನ ಬಗ್ಗೆ ಮಾತ್ರ ಮೊದಲೇ ಫೋನ್ ಮಾಡಿ ಕೇಳಿ.

ಜಯನಗರದವಳು:
ಓದಿ ಹೇಳಿದೆ. ಅಪ್ಪ ಆಗಲೇ ತನ್ನ ಎಕ್ಸ್‌ರೇ ಹುಡುಕುತ್ತಿದ್ದಾರೆ, ಜೊತೆಗೆ ಒಯ್ಯುತ್ತಾರಂತೆ. ಅಮ್ಮನದು ಬೇರೆ ರಾಗ: "ಹೆಣ ನೋಡಿ ಬಂದು ಆ ಚಳಿಯಲ್ಲಿ ತಲೆಗೆ ಸ್ನಾನ ಯಾರು ಮಾಡ್ತಾರೆ?"

ಬಸವನಗುಡಿ ಸಿಸ್ಟರ್:
ಹ್ಹಹ್ಹ! ಹೊರಗೆ ತೋಟ ಚೆನ್ನಾಗಿದೆ, ಅಮ್ಮ ಅಲ್ಲೇ ಕೂರಲಿ.

ರಾತ್ರಿ ರೈಲು:
ವೀಸಾ ಇಲ್ಲದ ನಮ್ಮಂಥವರಿಗೆ ಹೈದರಾಬಾದ್ ಇದೆ. ಪಬ್ಲಿಕ್ ಗಾರ್ಡನ್ಸ್‌ನಲ್ಲಿರುವ ರಾಜ್ಯ ಮ್ಯೂಸಿಯಂನಲ್ಲೂ ಒಂದು ಈಜಿಪ್ಟ್ ಮಮ್ಮಿ ಇದೆ, ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್ ಕಾಲದಲ್ಲಿ ಬಂದಿದ್ದು. ಈಗ ಅದನ್ನು ನೈಟ್ರೋಜನ್ ತುಂಬಿದ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಗಾಳಿ ತಾಗಿ ಹಾಳಾಗದಿರಲಿ ಅಂತ. ಬೆಂಗಳೂರಲ್ಲಿ ಸಂಜೆ ರೈಲು ಹತ್ತಿದರೆ ಬೆಳಗ್ಗೆ ಕಾಚಿಗುಡ. ಹೊರಡುವ ಮುಂಚೆ ಮ್ಯೂಸಿಯಂ ತೆರೆದಿದೆಯಾ ಅಂತ ವಿಚಾರಿಸಿಕೊಳ್ಳಿ.